ತಪ್ಪು ಶಟರ್‌ದಲ್ಲ, ಅಡಿಯ ಮಣ್ಣಿನದು: ಎರೆಭೂಮಿಯಲ್ಲಿ ಮಳಿಗೆ ಕಟ್ಟೋ ಮುಂಚೆ ಇದನ್ನ ಓದಿ

ನರಗುಂದ, ನವಲಗುಂದ, ರೋಣ ಕಡೆ ಮಳೆ ಹಿಡಿದ ಹದಿನೈದು ದಿನಕ್ಕೆ ಬಜಾರಿನಲ್ಲಿ ಒಂದು ಸುತ್ತು ಹಾಕಿ ನೋಡಿ. ಒಂದಿಲ್ಲೊಂದು ಅಂಗಡಿಯ ಶಟರ್ ಅರ್ಧಕ್ಕೆ ಸಿಕ್ಕಿಕೊಂಡಿರುತ್ತದೆ. ಎಣ್ಣೆ ಬಿಟ್ಟರೂ ಸರಿಹೋಗಲ್ಲ, ಬೇಸಿಗೆ ಬಂದರೆ ತಾನೇ ಸರಿಯಾಗುತ್ತದೆ. ಒಳಗೆ ಟೈಲ್ಸ್ ನಡುವೆ ಉಬ್ಬಿ ಸೀಳಿರುತ್ತವೆ. ಮಾಲೀಕರು ಗೌಂಡಿಯನ್ನ ಬೈತಾರೆ, ಗೌಂಡಿ ಸಿಮೆಂಟನ್ನ ಬೈತಾನೆ.

ಅಸಲಿ ಕಾರಣ ಎರೆಮಣ್ಣು. ಅದರಲ್ಲಿರೋ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿಗೆ ನೀರು ಹೊಕ್ಕರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಾಗ ಕೈ ಹೋಗುವಷ್ಟು ಬಿರುಕು ನೋಡಿರ್ತೀರಲ್ಲ, ಅದೇ ಆಟ ಅಂಗಡಿ ಕೆಳಗೂ ನಡೆದಿರುತ್ತದೆ. ಕಟ್ಟಡ ಭಾರ ಇದ್ದಷ್ಟೂ ಮಣ್ಣನ್ನು ಒತ್ತಿ ಹಿಡಿಯುತ್ತದೆ. ಹಗುರವಾದ ನೆಲಹಾಸು, ಒಂದಂತಸ್ತಿನ ಮಳಿಗೆ ಸಾಲು ಮೊದಲು ಏಳುತ್ತವೆ.

ನಿಮ್ಮ ಜಾಗದ ಮಣ್ಣು ಎಷ್ಟು ಹಿಗ್ಗುತ್ತದೆ ಅಂತ ತಿಳಿಯೋದು ದೊಡ್ಡ ಖರ್ಚಿನ ಕೆಲಸ ಅಲ್ಲ. ಲ್ಯಾಬ್‌ನಲ್ಲಿ ಒಣಗಿಸಿ ಜರಡಿ ಹಿಡಿದ ಮಣ್ಣನ್ನ 10 ಗ್ರಾಂನಂತೆ ಎರಡು ಗಾಜಿನ ಅಳತೆ ಕೊಳವೆಗೆ ಹಾಕ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಗೆ ಮಣ್ಣು ಹಿಗ್ಗಲ್ಲ. 24 ಗಂಟೆ ಬಿಟ್ಟು ಎರಡರ ವ್ಯತ್ಯಾಸ ನೋಡ್ತಾರೆ. ಅದು ಶೇ. 50 ದಾಟಿದರೆ ಎಚ್ಚರ, 100 ದಾಟಿದರೆ ಎಂಜಿನಿಯರ್ ಇಲ್ಲದೆ ಗುದ್ದಲಿ ಹಾಕಬೇಡಿ.

ನಮ್ಮ ಕಡೆ ದೊಡ್ಡ ಎಡವಟ್ಟು ಆಗೋದು ಪ್ಲಿಂತ್ ತುಂಬುವಾಗ. ಪಾಯ ತೋಡಿ ತೆಗೆದ ಎರೆಮಣ್ಣನ್ನೇ ಜೆಸಿಬಿಯಿಂದ ಒಳಗೆ ದಬ್ಬಿ, ಮೇಲೆ ಒಂದು ಪದರ ಗರಸು ಚೆಲ್ಲಿ, ಕಾಂಕ್ರೀಟ್ ಹಾಕಿಬಿಡ್ತಾರೆ. ಟಿಪ್ಪರ್ ಬಾಡಿಗೆ ಉಳೀತದೆ, ಅಷ್ಟೇ. ಎರೆ ತೆಳುವಾಗಿದ್ದರೆ ಅದನ್ನ ಪೂರ್ತಿ ತೆಗೆದು ಕೆಳಗಿನ ಗಟ್ಟಿ ಗರಸಿನ ಮೇಲೆ ಪಾಯ ಕೂರಿಸಬೇಕು. ನೆಲದ ಅಡಿಗೆ ಹೊರಗಿಂದ ತಂದ, ಹಿಗ್ಗದ ಗರಸನ್ನೇ ತುಂಬಬೇಕು. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರು ಹಿಗ್ಗದ, ಆದರೆ ಅಂಟಿರುವ ಮಣ್ಣಿನ ಪದರ ಹಾಕಿದರೆ ಎರೆ ಏಳುವುದನ್ನ ತಡೆಯಬಹುದು ಅಂತ ತೋರಿಸಿದರು. ನಮ್ಮ ಮಲಪ್ರಭಾ ಕಾಲುವೆಗೂ ಆ ವಿಧಾನ ಬಳಸಿದ್ದಾರೆ. ಎರೆ ತೀರಾ ಆಳ ಇದ್ದರೆ ಬುಡದಲ್ಲಿ ಬಲ್ಬಿನಂತೆ ಉಬ್ಬಿರುವ ಅಂಡರ್ ರೀಮ್ಡ್ ಪೈಲ್ ಬೇಕಾಗುತ್ತದೆ. ಅದು ನೆಲಮಟ್ಟದಿಂದ ಕನಿಷ್ಠ 3.5 ಮೀಟರ್ ಇಳಿಯಬೇಕು.

ಗರಸು ತಂದರೆ ಮುಗೀಲಿಲ್ಲ. ಸುಮಾರು 20 ಸೆಂ.ಮೀ. ಪದರ ಹರಡಿ, ಹದ ಮಾಡಿ, ರೋಲರ್ ಅಥವಾ ಯಂತ್ರದ ದಿಮ್ಮಸು ಹೊಡೆದ ಮೇಲೇ ಮುಂದಿನ ಪದರ. ಹದ ಅಂದ್ರೆ ಬಿತ್ತನೆ ಮಾಡೋರಿಗೆ ಹೇಳಿಕೊಡಬೇಕಿಲ್ಲ: ಮುಷ್ಟಿಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ಕೈಗೆ ನೀರು ಬಿಡಬಾರದು. "ನೀರು ನಿಲ್ಲಿಸಿ ಬಿಡ್ರಿ, ತಾನೇ ಕೂರ್ತದ" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಅದು ಮರಳಿಗೆ ನಡೀತದೆ. ಇಲ್ಲಿ ಆ ನೀರು ಸೀದಾ ಕೆಳಗಿನ ಎರೆಗೆ ಇಳಿಯುತ್ತದೆ. ದೊಡ್ಡ ಕಾಂಪ್ಲೆಕ್ಸ್ ಆದರೆ ಪ್ರತಿ ಪದರಕ್ಕೂ ಸಾಂದ್ರತೆ ಪರೀಕ್ಷೆ ಮಾಡಿಸಿ. ಸಾಮಾನ್ಯವಾಗಿ ಲ್ಯಾಬ್‌ನ ಗರಿಷ್ಠ ಸಾಂದ್ರತೆಯ ಶೇ. 95 ಕೇಳ್ತಾರೆ.

ನರಗುಂದದಂಥ ಹಳೇ ಊರಲ್ಲಿ ಇನ್ನೊಂದು ತಲೆನೋವು ಹಗೇವು. ಕಾಳು ತುಂಬ್ತಿದ್ದ ಆ ನೆಲದೊಳಗಿನ ಕಣಜಗಳ ಮೇಲೆ ಎಷ್ಟೋ ಮನೆಗಳು ಎದ್ದಿವೆ, ನೆಲ ಕುಸಿದ ಉದಾಹರಣೆಗಳೂ ಇವೆ. ಜಾಗ ಸಮ ಮಾಡೋ ಮುಂಚೆ ಓಣಿಯ ಹಿರಿಯರನ್ನ ಕೇಳಿ. ಸಿಕ್ಕರೆ ಬಾಯಿ ಮುಚ್ಚಿ ಸುಮ್ಮನಾಗಬೇಡಿ, ತಳದಿಂದ ತುಂಬಿಸಿ.

ಮಟ್ಟದ ವಿಚಾರ: ಪ್ಲಿಂತ್ ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂ.ಮೀ. ಮೇಲಿರಬೇಕು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಮ್ಮಲ್ಲಿ ಡಾಂಬರು ಹಾಕಿದಾಗೆಲ್ಲ ರಸ್ತೆ ಏರ್ತದೆ, ಅಂಗಡಿ ಏರಲ್ಲ. ಹಾಗಾಗಿ ಗಟಾರ, ರಸ್ತೆ ಎರಡರ ಮಟ್ಟವನ್ನೂ ಮೊದಲೇ ಹಿಡಿಸಿ. ಗೋಡೆ ಸುತ್ತ ಕಾಂಕ್ರೀಟ್ ಅಂಚು ಹಾಕಿ, ಇಳಿಜಾರು ಹೊರಕ್ಕೆ ಕೊಡಿ. ಚಾವಣಿ ನೀರಿನ ಪೈಪ್ ಗೋಡೆ ಬುಡಕ್ಕೆ ಬೀಳದೆ ಗಟಾರಕ್ಕೆ ಹೋಗಲಿ.

ಇದೆಲ್ಲ ಟೈಲ್ಸ್ ಕೆಳಗೆ ಮುಚ್ಚಿಹೋಗೋ ಕೆಲಸ. ಅದಕ್ಕೆ ಗುತ್ತಿಗೆ ಕಾಗದದಲ್ಲೇ "ಹೊರಗಿನ ಗರಸು, 20 ಸೆಂ.ಮೀ. ಪದರ" ಅಂತ ಬರೆಸಿ, ಟೇಪ್ ಹಿಡಿದು ಪ್ರತಿ ಪದರದ ಫೋಟೊ ತೆಗೆದಿಡಿ. ತೋಡಿದ ಪಾಯಕ್ಕೆ ಮಳೆ ನೀರು ನಿಂತರೆ ನೀರು ತೆಗೆದರೆ ಸಾಲದು, ಮೆತ್ತಗಾದ ಕೆಸರನ್ನ ಗಟ್ಟಿ ಸಿಗೋವರೆಗೆ ಕೆರೆಸಿದ ಮೇಲೇ ಕಾಂಕ್ರೀಟ್ ಹಾಕಿಸಿ.