ಕಾಯಕ ನಿಂತ ಕಲ್ಯಾಣ

ಕಾಯಕವೆಂಬ ಮಾತಿಗೆ ಇಂದಿನ ಅರ್ಥಗೌರವ ಬಂದದ್ದು ನಮ್ಮ ಬಸವಕಲ್ಯಾಣದ ನೆಲದಲ್ಲಿ. ಚಾಲುಕ್ಯರ ರಾಜಧಾನಿಯಾಗಿ ಮೆರೆದು, ಬಿಜ್ಜಳನ ಕಾಲಕ್ಕೆ ಶರಣರ ನೆಲೆವೀಡಾದ ಈ ಊರಿನಲ್ಲಿ ಹನ್ನೆರಡನೆಯ ಶತಮಾನದ ಜನರು ಅರಸರಂತೆ ಬಿರುದುಗಳನ್ನು ಹೊತ್ತುಕೊಳ್ಳಲಿಲ್ಲ. ಮಾಡುವ ಕೆಲಸವನ್ನೇ ಹೆಸರಿನ ಮುಂದಿಟ್ಟುಕೊಂಡರು. ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಆಯ್ದಕ್ಕಿ ಮಾರಯ್ಯ: ಈ ಹೆಸರುಗಳನ್ನು ತರಗತಿಯಲ್ಲಿ ಓದಿದಾಗ, ಇದು ಕವಿಗಳ ಪಟ್ಟಿಯೋ ಕಸಬುಗಳ ಪಟ್ಟಿಯೋ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಎರಡೂ ಹೌದೆಂಬುದೇ ವಚನ ಸಾಹಿತ್ಯದ ಹಿರಿಮೆಯಲ್ಲವೆ? ಆದರೆ ಆ ಸಾಹಿತ್ಯವನ್ನು ಓದಿಸುವ ನನ್ನಂಥವನಿಗೆ ೨೦೨೦ನೆಯ ಇಸವಿ ಬೇರೊಂದು ಪ್ರಶ್ನೆಯನ್ನು ಒಡ್ಡಿತು. ದುಡಿಮೆಯಲ್ಲಿಯೇ ಕೈಲಾಸವಿದೆಯೆಂದು ನಂಬಿದ ನಾಡಿನಲ್ಲಿ, ದುಡಿಯಕೂಡದೆಂದು ಆಜ್ಞೆಯಾದ ದಿನ ದುಡಿಯುವವನು ಯಾವ ಲೋಕಕ್ಕೆ ಸೇರತಕ್ಕವನು?

ಆ ದಿನಗಳನ್ನು ಸ್ವಲ್ಪ ನೆನೆಯೋಣ. ಕೊರೋನಾ ಸೋಂಕಿನಿಂದ ಭಾರತದಲ್ಲಿ ಸಂಭವಿಸಿದ ಮೊದಲನೆಯ ಸಾವು ನಮ್ಮ ನೆರೆಯ ಕಲಬುರಗಿಯ ವೃದ್ಧರೊಬ್ಬರದು; ಅದು ೨೦೨೦ರ ಮಾರ್ಚ್ ೧೦ರಂದು. ಹುಮನಾಬಾದಿನಿಂದ ಕಲಬುರಗಿಗೆ ಸುಮಾರು ೬೦ ಕಿಲೋಮೀಟರು. ಆದುದರಿಂದ ಈ ಭಾಗದ ಜನಕ್ಕೆ ರೋಗದ ಭಯ ವರ್ತಮಾನ ಪತ್ರಿಕೆಯ ಸುದ್ದಿಯಾಗಿ ಬರಲಿಲ್ಲ. ಪಕ್ಕದ ಓಣಿಯ ಸುದ್ದಿಯಾಗಿ ಬಂದಿತು. ಮಾರ್ಚ್ ೨೫ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಪುಣೆ ಹೈದರಾಬಾದುಗಳ ನಡುವಣ ಹೆದ್ದಾರಿಯ ಮೇಲಿರುವ ಹುಮನಾಬಾದಿನಲ್ಲಿ ಹಗಲಿರುಳೂ ಕೇಳುತ್ತಿದ್ದ ಲಾರಿಗಳ ಸದ್ದು ಉಡುಗಿತು. ಆ ಸದ್ದನ್ನೇ ನಂಬಿಕೊಂಡಿದ್ದ ಪಂಕ್ಚರ್ ಅಂಗಡಿ, ಚಹದ ಅಂಗಡಿ, ಹಮಾಲರ ಗುಂಪು ಎಲ್ಲವೂ ಕರಗಿದವು. ಬಸವಕಲ್ಯಾಣದಲ್ಲಿ ಆಟೋ ಚಾಲಕ, ದರ್ಜಿ, ಕ್ಷೌರಿಕ, ಗಾರೆ ಕೆಲಸದವ ಮನೆಯ ಜಗಲಿಯ ಮೇಲೆ ಕೈಕಟ್ಟಿ ಕುಳಿತರು. ದುಡಿಮೆಯನ್ನರಸಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೋಗಿದ್ದ ಕುಟುಂಬಗಳು ಬರಿಗೈಯಲ್ಲಿ ಮರಳಿ ಬಂದವು.

ಸರಕಾರ ಸುಮ್ಮನಿರಲಿಲ್ಲವೆಂಬುದನ್ನು ಮೊದಲು ಹೇಳಬೇಕು. ಮಾರ್ಚ್ ೨೬ರಂದು ಕೇಂದ್ರವು ೧.೭೦ ಲಕ್ಷ ಕೋಟಿ ರೂಪಾಯಿಯ ಗರೀಬ್ ಕಲ್ಯಾಣ ಯೋಜನೆಯನ್ನು ಸಾರಿತು. ಪಡಿತರ ಚೀಟಿಯಲ್ಲಿರುವ ತಲೆಗೆ ೫ ಕಿಲೋ ಧಾನ್ಯ ಉಚಿತವಾಗಿ, ಜನಧನ ಖಾತೆಯುಳ್ಳ ಹೆಣ್ಣುಮಕ್ಕಳಿಗೆ ಮೂರು ತಿಂಗಳು ತಲಾ ೫೦೦ ರೂಪಾಯಿ. ಮೇ ೬ರಂದು ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ೧,೬೧೦ ಕೋಟಿ ರೂಪಾಯಿಯ ನೆರವನ್ನು ಘೋಷಿಸಿದರು. ೨,೩೦,೦೦೦ ಕ್ಷೌರಿಕರಿಗೆ, ೬೦,೦೦೦ ಮಡಿವಾಳರಿಗೆ, ೭,೭೫,೦೦೦ ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿಗೆ ತಲಾ ೫,೦೦೦ ರೂಪಾಯಿ. ಕಟ್ಟಡ ಕಾರ್ಮಿಕರಿಗೆ ಮೊದಲಿನ ೨,೦೦೦ದ ಜೊತೆಗೆ ಇನ್ನೂ ೩,೦೦೦. ೫೪,೦೦೦ ಕೈಮಗ್ಗದ ನೇಕಾರರಿಗೆ ತಲಾ ೨,೦೦೦.

ಈ ಪಟ್ಟಿಯನ್ನು ಓದಿದಾಗ ನನಗೆ ಅನುಭವ ಮಂಟಪದ ಹಾಜರಿ ಪುಸ್ತಕವನ್ನು ಓದಿದಂತಾಯಿತು. ಮಡಿವಾಳರ ಸಾಲಿನಲ್ಲಿ ಮಾಚಿದೇವನಿದ್ದ. ಕ್ಷೌರಿಕರ ಸಾಲಿನಲ್ಲಿ, ಹಡಪದ ಸಮಾಜದವರು ಕುಲಗುರುವೆಂದು ನೆನೆಯುವ ಅಪ್ಪಣ್ಣನಿದ್ದ. ನೇಕಾರರಲ್ಲಿ ಶರಣರಿಗೂ ಹಿರಿಯನಾದ ಜೇಡರ ದಾಸಿಮಯ್ಯನಿದ್ದ. ಎಂಟುನೂರು ವರ್ಷಗಳ ತರುವಾಯವೂ ನಾಡಿನ ಸಂಕಟ ಮೊದಲು ಬಂದು ತಟ್ಟುವುದು ಇದೇ ಮನೆಗಳ ಬಾಗಿಲನ್ನು ಎಂಬುದು ಅಭಿಮಾನಪಡುವ ವಿಷಯವೋ ತಲೆ ತಗ್ಗಿಸುವ ವಿಷಯವೋ ವಾಚಕರೇ ಹೇಳಬೇಕು.

ಇನ್ನು ಲೆಕ್ಕಕ್ಕೆ ಬರೋಣ. ನಾನು ಅರ್ಥಶಾಸ್ತ್ರಜ್ಞನಲ್ಲ, ಆದರೂ ಭಾಗಾಕಾರ ಬಲ್ಲೆ. ಕರ್ನಾಟಕದಲ್ಲಿ ಕ್ಷೌರದಂಗಡಿಗಳು ಮತ್ತೆ ತೆರೆದದ್ದು ಮೇ ೧೯ರಂದು. ಅಂದರೆ ೫೫ ದಿನ ಕತ್ತರಿ ಆಡಲಿಲ್ಲ. ೫,೦೦೦ ರೂಪಾಯಿಯನ್ನು ೫೫ ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು ೯೦ ರೂಪಾಯಿ. ಐವರ ಮನೆಯಾದರೆ ತಲೆಗೆ ೧೮. ಆ ವರ್ಷ ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕದ ದಿನಗೂಲಿ ೨೭೫ ರೂಪಾಯಿ. ಸರಕಾರವೇ ಕನಿಷ್ಠವೆಂದು ಒಪ್ಪಿ ಕೊಡುತ್ತಿದ್ದ ಮಣ್ಣುಕೆಲಸದ ಕೂಲಿಯ ಮೂರನೆಯ ಒಂದು ಪಾಲು ಇದು. ಎರಡನೆಯ ಅಲೆಯ ಕಾಲಕ್ಕೆ, ೨೦೨೧ರ ಮೇ ೧೯ರಂದು, ಮತ್ತೆ ೧,೨೫೦ ಕೋಟಿಯ ನೆರವು ಬಂದಿತು. ಅದರಲ್ಲಿ ಚಾಲಕರಿಗೂ ಕಟ್ಟಡ ಕಾರ್ಮಿಕರಿಗೂ ೩,೦೦೦. ಕ್ಷೌರಿಕ, ಮಡಿವಾಳ, ದರ್ಜಿ, ಕುಂಬಾರ, ಕಮ್ಮಾರ, ಚಮ್ಮಾರ, ಹಮಾಲ, ಮನೆಗೆಲಸದವರು ಮೊದಲಾದವರಿಗೆ ೨,೦೦೦. ಪಟ್ಟಿ ಹಿಗ್ಗಿತು, ಮೊತ್ತ ಕುಗ್ಗಿತು. ಹಿಗ್ಗಿದ ಆ ಪಟ್ಟಿಯಲ್ಲಿಯೂ ಬಿದಿರು ಸೀಳಿ ಬುಟ್ಟಿ ಹೆಣೆಯುವ ಕೇತಯ್ಯನ ಕುಲದವರು ನನಗೆ ಕಾಣಲಿಲ್ಲ.

ಹಣ ಸಾಲದೆಂಬುದಕ್ಕಿಂತ ನೋವಿನ ಮಾತು ಇನ್ನೊಂದಿದೆ. ನೆರವನ್ನು ಪಡೆಯಲು ಆಧಾರ್ ಬೇಕು, ಬ್ಯಾಂಕಿನ ಖಾತೆ ಬೇಕು, ತಾನು ಇಂಥ ವೃತ್ತಿಯವನೆಂಬ ದೃಢೀಕರಣ ಪತ್ರ ಬೇಕು. ಮೂವತ್ತು ವರ್ಷಗಳಿಂದ ಅದೇ ಕಟ್ಟೆಯ ಮೇಲೆ ಕತ್ತರಿ ಹಿಡಿದ ಒಬ್ಬ ಹಿರಿಯರು ನನ್ನೊಡನೆ ಆಡಿದ ಮಾತು ಇದು: "ನಾ ಕಟಿಂಗ್ ಮಾಡಾವ ಅಂತ ಊರಿಗೆಲ್ಲ ಗೊತ್ತದ ರೀ ಸರ, ಕಾಗದಕ್ಕಷ್ಟೇ ಗೊತ್ತಿಲ್ಲ." ಕಾಯಕವೇ ಹೆಸರಾಗಿದ್ದ ಊರಿನಲ್ಲಿ ಕಾಯಕಕ್ಕೆ ಸಾಕ್ಷಿ ಕೇಳುವ ಕಾಲ ಬಂದಿತಲ್ಲ! ಕಾಗದದ ಮಹಿಮೆಯನ್ನು ನಾವು ಅಧ್ಯಾಪಕರೂ ಕಂಡೆವು. ಕಾಯಂ ನೌಕರನಾದ ನನಗೆ ತಿಂಗಳ ಸಂಬಳ ಬಂದಿತು. ಅದೇ ಪಠ್ಯವನ್ನು, ಅದೇ ಕಪ್ಪುಹಲಗೆಯ ಮುಂದೆ ನಿಂತು ಬೋಧಿಸುತ್ತಿದ್ದ ಅತಿಥಿ ಉಪನ್ಯಾಸಕ ಮಿತ್ರರು ಕಾಲೇಜು ತೆರೆಯುವ ದಿನವನ್ನು ಎಣಿಸುತ್ತ ಕುಳಿತರು. ವಿದ್ಯೆ ಒಂದೇ, ವ್ಯತ್ಯಾಸವಿದ್ದದ್ದು ನೇಮಕದ ಕಾಗದದಲ್ಲಿ.

ಇದಕ್ಕೆ ಮೂಲವೆಲ್ಲಿ ಎಂದು ಹುಡುಕಿದರೆ ನಾವು ೧೮೯೭ಕ್ಕೆ ಹೋಗಬೇಕಾಗುತ್ತದೆ. ಮುಂಬಯಿಯ ಪ್ಲೇಗಿಗೆ ಹೆದರಿ ಬ್ರಿಟಿಷರು ಆ ವರ್ಷ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದರು. ಬೆರಳೆಣಿಕೆಯ ಕಲಮುಗಳ ಆ ಪುಟ್ಟ ಕಾಯಿದೆಯಲ್ಲಿ ಜನರನ್ನು ತಡೆಯುವ ಅಧಿಕಾರವುಂಟು, ಮೀರಿದವರಿಗೆ ಶಿಕ್ಷೆಯುಂಟು; ತಡೆದು ನಿಲ್ಲಿಸಿದವನ ಒಲೆ ಹೇಗೆ ಉರಿಯಬೇಕೆಂಬ ಮಾತು ಇಲ್ಲ. ೨೦೨೦ರಲ್ಲಿ ಮೊದಲು ಕೈಗೆ ಬಂದ ಆಯುಧವೂ ಅದೇ. ದೇಶವನ್ನು ಮುಚ್ಚಿದ ಆಜ್ಞೆಗೆ ಆಧಾರವಾದ ೨೦೦೫ರ ವಿಪತ್ತು ನಿರ್ವಹಣಾ ಕಾಯಿದೆ ಇದಕ್ಕಿಂತ ಹೃದಯವುಳ್ಳದ್ದು. ಅದರ ೧೨ನೆಯ ಕಲಮು, ಜೀವಹಾನಿಗೆ ಪರಿಹಾರದ ಜೊತೆಗೆ ಜೀವನೋಪಾಯವನ್ನು ಮರಳಿ ನಿಲ್ಲಿಸುವ ನೆರವನ್ನೂ ಹೆಸರಿಸುತ್ತದೆ. ಸಾವಿನ ಪರಿಹಾರದ ವಿಷಯದಲ್ಲಿ ಇದು ಸರಕಾರದ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯ ೨೦೨೧ರ ಜೂನ್ ೩೦ರಂದು ಹೇಳಿತು. ಆಮೇಲೆ ಸತ್ತವರ ಕುಟುಂಬಕ್ಕೆ ೫೦,೦೦೦ ರೂಪಾಯಿಯೆಂದು ಗೊತ್ತಾಯಿತು. ಸಾವಿಗೆ ಒಂದು ಅಳತೆ ದೊರೆಯಿತು. ನಿಂತುಹೋದ ದುಡಿಮೆಗೆ ಅಂಥ ಅಳತೆ ದೊರೆಯಲಿಲ್ಲ.

ಹೊರನಾಡುಗಳ ಮಾತು ಬೇರೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕುಳಿತ ನೌಕರನ ಸಂಬಳದ ನೂರಕ್ಕೆ ೮೦ ಪಾಲನ್ನು, ತಿಂಗಳಿಗೆ ೨,೫೦೦ ಪೌಂಡಿನ ಮಿತಿಯೊಳಗೆ, ಸರಕಾರ ವಹಿಸಿಕೊಂಡಿತು. ಜರ್ಮನಿಯ ಹಳೆಯ ಪದ್ಧತಿಯೊಂದು ಕಡಿಮೆಯಾದ ಸಂಬಳದ ನೂರಕ್ಕೆ ೬೦ ಪಾಲನ್ನು, ಮಕ್ಕಳುಳ್ಳವರಿಗೆ ೬೭ ಪಾಲನ್ನು ತುಂಬಿಕೊಡುತ್ತದೆ. ಅವು ಸಿರಿವಂತ ನಾಡುಗಳು ಎಂದು ನಾವು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಸಿರಿಗಿಂತ ಹೆಚ್ಚಾಗಿ ಅಲ್ಲಿ ಇದ್ದದ್ದು ಬರವಣಿಗೆ: ಯಾರು ಎಲ್ಲಿ ದುಡಿಯುತ್ತಾರೆ, ಎಷ್ಟು ಪಡೆಯುತ್ತಾರೆ ಎಂಬ ದಾಖಲೆ. ನಮ್ಮಲ್ಲಿಯೂ ರಾಜ್ಯ ವಿಮಾ ಯೋಜನೆಗೆ ಒಳಪಟ್ಟ ಕಾರ್ಖಾನೆಯ ಕಾರ್ಮಿಕ ಕಾಯಿಲೆ ಬಿದ್ದರೆ ವರ್ಷದಲ್ಲಿ ೯೧ ದಿನಗಳವರೆಗೆ ಕೂಲಿಯ ನೂರಕ್ಕೆ ೭೦ ಪಾಲು ದೊರೆಯುತ್ತದೆ. ಆ ಬೇಲಿಯ ಹೊರಗೆ ನಿಂತ ದೇಶದ ಬಹುಪಾಲು ದುಡಿಮೆಗಾರರಿಗೆ ಕಾಯಿಲೆಯ ದಿನವೆಂದರೆ ಉಪವಾಸದ ದಿನ.

ಈಗ ಸಾಹಿತ್ಯದ ವಿದ್ಯಾರ್ಥಿಗಳು ಯೋಚಿಸಬೇಕಾದ ಮಾತಿಗೆ ಬರುತ್ತೇನೆ. ಈ ಹಣವನ್ನು ಏನೆಂದು ಕರೆಯೋಣ? ಪತ್ರಿಕೆಗಳು ಪರಿಹಾರವೆಂದವು, ಜನ ಸಹಾಯಧನವೆಂದರು. ಶರಣರು ದಾನಕ್ಕೂ ದಾಸೋಹಕ್ಕೂ ಒಂದು ಗೆರೆ ಎಳೆದಿದ್ದರು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರಲು ಹೇಳಿದ ಕಥೆ ಎಲ್ಲರೂ ಬಲ್ಲದ್ದು. ಅದನ್ನು ನಾವು ಬಡವರಿಗೆ ಸಂತೃಪ್ತಿಯ ಪಾಠ ಹೇಳಲು ಬಳಸುತ್ತೇವೆ. ಆದರೆ ಆ ಕಥೆಯ ಇನ್ನೊಂದು ಮುಖವನ್ನು ನೋಡಿ: ಲಕ್ಕಮ್ಮನಿಗೆ ತನ್ನ ಮನೆಯ ಅಗತ್ಯವೆಷ್ಟೆಂಬುದು ಖಚಿತವಾಗಿ ತಿಳಿದಿತ್ತು. ಅಗತ್ಯಕ್ಕಿಂತ ಹೆಚ್ಚು ತಪ್ಪೆನ್ನುವ ಅಳತೆಯ ಮುಂದೆ ಅಗತ್ಯಕ್ಕಿಂತ ಕಡಿಮೆಯೂ ತಪ್ಪೇ ಆಗುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವೆನು. ಆ ೫೫ ದಿನ ಕ್ಷೌರಿಕ ಅಂಗಡಿಯನ್ನು ಮುಚ್ಚಿದ್ದು ಸೋಮಾರಿತನದಿಂದಲ್ಲ. ನನ್ನ ಮನೆಯ ವೃದ್ಧರಿಗೆ, ನಿಮ್ಮ ಮನೆಯ ಮಕ್ಕಳಿಗೆ ರೋಗ ತಗುಲದಿರಲೆಂದು ನಾಡು ಅವನನ್ನು ಕೇಳಿಕೊಂಡಿತು, ಅವನು ಒಪ್ಪಿದನು. ಸುಮ್ಮನೆ ಕುಳಿತಿರುವುದೇ ಅಂದು ಲೋಕಹಿತದ ಕೆಲಸವಾಗಿತ್ತು; ಕಾಯಕವಾಗಿತ್ತು. ಕಾಯಕಕ್ಕೆ ಸಲ್ಲತಕ್ಕದ್ದು ಭಿಕ್ಷೆಯಲ್ಲ, ಪ್ರತಿಫಲ. ಹೀಗೆ ನೋಡಿದರೆ ಆ ೫,೦೦೦ ರೂಪಾಯಿ ನಾವು ತೋರಿದ ಕರುಣೆಯಲ್ಲ. ನಾವು ತೀರಿಸಬೇಕಾಗಿದ್ದ ಸಾಲದ ಒಂದು ಕಂತು ಮಾತ್ರ.

ಬಸವಕಲ್ಯಾಣ ಈ ರೋಗಕ್ಕೆ ತನ್ನ ಶಾಸಕರನ್ನೇ ಒಪ್ಪಿಸಿತು, ಬಿ. ನಾರಾಯಣರಾವ್ ಅವರು ೨೦೨೦ರ ಸೆಪ್ಟೆಂಬರ್ ೨೪ರಂದು ತೀರಿಕೊಂಡರು. ೨೦೨೧ರ ಜನವರಿ ೬ರಂದು ಇಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಿತು. ಏಪ್ರಿಲ್ ೧೭ರಂದು ಉಪಚುನಾವಣೆ ನಡೆದು ಜನ ಸಾಲುಗಟ್ಟಿ ಮತ ಕೊಟ್ಟರು. ಹತ್ತು ದಿನಗಳಲ್ಲಿ ಮತ್ತೆ ಬಾಗಿಲು ಮುಚ್ಚಿತು. ಮತದಾರರ ಪಟ್ಟಿಯಲ್ಲಿ ಪ್ರತಿಯೊಬ್ಬನ ಹೆಸರನ್ನೂ ಹುಡುಕಿ ಬರೆಯಬಲ್ಲ ನಾಡಿಗೆ ಅವನ ಕಾಯಕವನ್ನು ಬರೆದಿಡುವುದು ಅಸಾಧ್ಯವೆ? ಆ ವರ್ಷದ ಆಗಸ್ಟ್ ೨೬ರಂದು ಅಸಂಘಟಿತ ಕಾರ್ಮಿಕರಿಗಾಗಿ ಇ-ಶ್ರಮ್ ಎಂಬ ದಾಖಲೆ ಆರಂಭವಾದದ್ದು ಒಳ್ಳೆಯ ಹೆಜ್ಜೆ. ಆದರೆ ಹೆಸರು ಬರೆಸಿದಷ್ಟಕ್ಕೇ ಹಕ್ಕು ಹುಟ್ಟದು. ಮುಂದಿನ ರೋಗ ಬಂದು ಬಾಗಿಲು ಮುಚ್ಚುವ ದಿನ, ಮುಚ್ಚಿದವನ ಮನೆಗೆ ಇಷ್ಟು ಸಲ್ಲತಕ್ಕದ್ದು ಎಂಬ ಮಾತು ಆಜ್ಞೆಯ ಅದೇ ಹಾಳೆಯಲ್ಲಿ, ಅದೇ ಶಾಯಿಯಲ್ಲಿ ಇರಬೇಕು. ಕಲ್ಲಿನ ಮಂಟಪ ಎಂದಾದರೊಂದು ದಿನ ಪೂರ್ತಿಯಾಗುತ್ತದೆ. ಅದರೊಳಗೆ ಮಾಚಿದೇವನೂ ಅಪ್ಪಣ್ಣನೂ ತಲೆಯೆತ್ತಿ ಕುಳಿತುಕೊಳ್ಳುವಂತಾಗುವುದು ಇಂಥ ಒಂದು ಹಾಳೆಯಿಂದಲೇ.