ಅನ್ನ ಮತ್ತು ವಾಕ್ಯ: ಸೂರಿಲ್ಲದವರೊಡನೆ ವಿಶ್ವಾಸವನ್ನು ಹಂಚಿಕೊಳ್ಳುವ ಬಗೆ

ಗುರುಮಠಗಳಲ್ಲಿ ಪಾಲನಾ ಸೇವೆಯ ತರಬೇತಿ ಪಡೆಯುವ ಗುರು ಅಭ್ಯರ್ಥಿಗಳು ರೈಲು ನಿಲ್ದಾಣಗಳ ಹೊರಗೆ, ಮೇಲ್ಸೇತುವೆಗಳ ಕೆಳಗೆ ಮಲಗುವವರಿಗೆ ಊಟ ಬಡಿಸಲು ಹೋಗುವುದುಂಟು. ಮರಳಿ ಬಂದವರು ತರಗತಿಯಲ್ಲಿ ಎತ್ತುವ ಪ್ರಶ್ನೆ ಬಹುತೇಕ ಒಂದೇ: ಅನ್ನವಿಕ್ಕುವಾಗ ಯೇಸುವಿನ ಹೆಸರನ್ನು ಹೇಳಬೇಕೋ, ಹೇಳಬಾರದೋ? ಹೇಳಬಾರದೆನ್ನುವವರು, ಹಸಿದವನ ಮುಂದೆ ಉಪದೇಶ ಮಾಡುವುದು ಕ್ರೌರ್ಯವೆಂದು ವಾದಿಸುತ್ತಾರೆ. ಹೇಳಲೇಬೇಕೆನ್ನುವವರು, ಆತ್ಮದ ಹಸಿವನ್ನು ಮರೆತ ಸೇವೆ ಬರಿಯ ಸಮಾಜಕಾರ್ಯವೆನ್ನುತ್ತಾರೆ. ಎರಡರಲ್ಲೂ ಸತ್ಯದ ಅಂಶವಿದೆ. ಆದರೆ ಎರಡೂ ಒಂದೇ ತಪ್ಪು ಗ್ರಹಿಕೆಯ ಮೇಲೆ ನಿಂತಿವೆ ಎಂಬುದು ನಮ್ಮ ಅಭಿಪ್ರಾಯ. ವಿಶ್ವಾಸವು ನಮ್ಮ ಕೈಯಲ್ಲಿರುವ ಒಂದು ವಸ್ತು, ಅದನ್ನು ಬಡವರಿಗೆ ಕೊಡುವುದೂ ಬಿಡುವುದೂ ನಮಗೆ ಸೇರಿದ್ದು ಎಂದೇ ಎರಡೂ ಪಕ್ಷದವರು ಭಾವಿಸಿದಂತಿದೆ.

ನಮ್ಮ ಭಾಷೆಯಲ್ಲಿ ‘ಹಂಚು’ ಎಂಬುದು ಬೇರೆ, ‘ಹಂಚಿಕೊಳ್ಳು’ ಎಂಬುದು ಬೇರೆ. ಹಂಚುವವನು ನಿಂತಿರುತ್ತಾನೆ, ಪಡೆಯುವವನು ಕೈಯೊಡ್ಡಿರುತ್ತಾನೆ. ಹಂಚಿಕೊಳ್ಳುವವನಾದರೋ ತಾನೂ ಪಂಕ್ತಿಯಲ್ಲಿ ಕುಳಿತವನು. ಅವನ ಎಲೆಗೂ ಅದೇ ಅನ್ನ ಬೀಳುತ್ತದೆ. ವಿಶ್ವಾಸದ ವಿಷಯದಲ್ಲಿ ಧರ್ಮಸಭೆಯು ಬಳಸಬಹುದಾದ ಕ್ರಿಯಾಪದ ಈ ಎರಡನೆಯದೇ.

ಮೊದಲು ಸ್ವಾತಂತ್ರ್ಯದ ವಿಚಾರ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು, ಒಂದೇ ದಿನ, ಧಾರ್ಮಿಕ ಸ್ವಾತಂತ್ರ್ಯವನ್ನು ಕುರಿತ ಘೋಷಣೆಯನ್ನೂ ಧರ್ಮಸಭೆಯ ಪ್ರೇಷಿತ ಕಾರ್ಯವನ್ನು ಕುರಿತ ಆದೇಶವನ್ನೂ ಹೊರಡಿಸಿತು. ಈ ಎರಡನ್ನೂ ಜೊತೆಗಿಟ್ಟು ಓದಬೇಕು. ಮೊದಲನೆಯದರ 4ನೇ ಪರಿಚ್ಛೇದವು, ವಿಶ್ವಾಸವನ್ನು ಸಾರುವಾಗ ಬಲಾತ್ಕಾರದ ಅಥವಾ ಅಯೋಗ್ಯ ಪುಸಲಾವಣೆಯ ಛಾಯೆಯೂ ಇರಕೂಡದೆಂದು ಹೇಳಿ, ಬಡವರ ಹಾಗೂ ಅವಿದ್ಯಾವಂತರ ನಡುವೆ ಈ ಎಚ್ಚರ ವಿಶೇಷವಾಗಿ ಬೇಕೆಂದು ಸೂಚಿಸುತ್ತದೆ. ಎರಡನೆಯದು ತನ್ನ 13ನೇ ಪರಿಚ್ಛೇದದಲ್ಲಿ ಯಾರನ್ನೂ ಒತ್ತಾಯದಿಂದಾಗಲಿ ಆಮಿಷದಿಂದಾಗಲಿ ವಿಶ್ವಾಸಕ್ಕೆ ಸೆಳೆಯುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸುತ್ತದೆ. ನಮ್ಮ ದೇಶದಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ. ಸಂವಿಧಾನದ 25ನೇ ವಿಧಿಯು ಧರ್ಮವನ್ನು ಪ್ರಸಾರ ಮಾಡುವ ಹಕ್ಕನ್ನು ಕೊಟ್ಟಿದೆ. ಮತ್ತೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ತೀರ್ಪಿತ್ತಿತು. ಆ ತೀರ್ಪಿನ ಬಗ್ಗೆ ನ್ಯಾಯಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿರುವುದು ಸರಿಯೇ. ಆದರೆ ನಾವು ಆಮಿಷವನ್ನು ತೊರೆಯಬೇಕಾದದ್ದು ಕಾನೂನಿಗೆ ಅಂಜಿ ಅಲ್ಲ. ಹಸಿದವನು ತಟ್ಟೆಯ ಮುಂದೆ ಕುಳಿತು ಹೇಳುವ ‘ಹೌದು’ ಎಂಬುದರಲ್ಲಿ ಎಷ್ಟು ಪಾಲು ವಿಶ್ವಾಸದ್ದು, ಎಷ್ಟು ಪಾಲು ಹಸಿವಿನದು ಎಂದು ಅವನಿಗೇ ತಿಳಿಯದಂತೆ ಮಾಡುವುದು ದೇವರ ಕೃಪೆಗೆ ಬೆಲೆ ಕಟ್ಟಿದಂತೆ.

ಪ್ರಭುವೇ ನಡೆದ ಹಾದಿ ಯೊವಾನ್ನನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿದೆ. ಐದು ಸಾವಿರ ಮಂದಿಗೆ ರೊಟ್ಟಿ ದೊರೆತಾಗ ಯಾರ ನಂಬಿಕೆಯನ್ನೂ ಅವರು ವಿಚಾರಿಸಲಿಲ್ಲ. ಜೀವದ ರೊಟ್ಟಿಯನ್ನು ಕುರಿತ ಬೋಧನೆ ಬಂದದ್ದು ಮರುದಿನ, ಕಫೆರ್ನವುಮಿನಲ್ಲಿ. ಆ ಬೋಧನೆ ಕಠಿಣವೆನಿಸಿ ಅನೇಕರು ಹೊರಟುಹೋದರು; ಅವರು ತಿಂದ ರೊಟ್ಟಿಯನ್ನು ಯೇಸು ನೆನಪಿಸಲೂ ಇಲ್ಲ. ಹನ್ನೆರಡು ಮಂದಿಯನ್ನು ಸಹ, ನಿಮಗೂ ಹೋಗುವ ಮನಸ್ಸಿದೆಯೇ ಎಂದು ಕೇಳಿದರು. ಅನ್ನಕ್ಕೂ ವಾಕ್ಯಕ್ಕೂ ನಡುವೆ ಒಂದು ರಾತ್ರಿಯ ಅಂತರವಿತ್ತು, ಹೊರಡುವ ಬಾಗಿಲು ತೆರೆದೇ ಇತ್ತು. ಕ್ರೈಸ್ತನು ದೇವರ ಕುರಿತು ಮಾತನಾಡುವ ಹೊತ್ತನ್ನೂ ಮೌನವಾಗಿ ಪ್ರೀತಿಸುವ ಹೊತ್ತನ್ನೂ ಅರಿತಿರಬೇಕೆಂದು ಜಗದ್ಗುರು ಹದಿನಾರನೇ ಬೆನೆಡಿಕ್ಟರು 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ ಬೋಧಿಸಿದ್ದು ಇದನ್ನೇ.

ಹಾಗೆಂದು ಮೌನವನ್ನೇ ನಿಯಮವಾಗಿಸಿಕೊಂಡರೆ ಬೇರೊಂದು ಅನ್ಯಾಯವಾಗುತ್ತದೆ. ಬಡವರು ಅನುಭವಿಸುವ ಅತಿ ಕೆಟ್ಟ ತಾರತಮ್ಯವೆಂದರೆ ಆಧ್ಯಾತ್ಮಿಕ ಆರೈಕೆಯ ಕೊರತೆ ಎಂದು ಜಗದ್ಗುರು ಫ್ರಾನ್ಸಿಸರು 2013ರ ‘ಎವಾಂಜೆಲಿ ಗಾವ್ದಿಯುಮ್’ ಪ್ರಬೋಧನೆಯ 200ನೇ ಪರಿಚ್ಛೇದದಲ್ಲಿ ಬರೆದರು. ಓದಿದವರಿಗೆ ದೈವಶಾಸ್ತ್ರ, ಮಧ್ಯಮವರ್ಗದವರಿಗೆ ಧ್ಯಾನಕೂಟ, ಬೀದಿಯವರಿಗೆ ಕಂಬಳಿ ಎಂಬ ವಿಂಗಡಣೆಯಲ್ಲಿ, ಬೀದಿಯವರು ಹೊಟ್ಟೆ ಮಾತ್ರವುಳ್ಳವರು ಎಂಬ ತೀರ್ಮಾನ ಅಡಗಿದೆ. ನಮ್ಮ ದಾನಶೀಲತೆಯಲ್ಲಿ ಈ ತೀರ್ಮಾನ ಎಷ್ಟು ಸಹಜವಾಗಿ ಬೆರೆತಿದೆಯೆಂದರೆ ಅದನ್ನು ಬೇರ್ಪಡಿಸಿ ನೋಡಲು ಒಂದು ದೃಷ್ಟಾಂತ ಬೇಕಾಗುತ್ತದೆ.

ಫ್ರಾನ್ಸಿನ ಗುರು ಜೋಸೆಫ್ ವ್ರೆಸಿನ್‌ಸ್ಕಿಯವರದು ಅಂಥ ದೃಷ್ಟಾಂತ. 1917ರಲ್ಲಿ ಕಡುಬಡತನದ ಮನೆಯಲ್ಲಿ ಹುಟ್ಟಿ, ಭಿಕ್ಷೆಯ ಅವಮಾನವನ್ನು ಬಾಲ್ಯದಲ್ಲೇ ಕಂಡವರು ಅವರು. 1956ರಲ್ಲಿ ಪ್ಯಾರಿಸ್ ಬಳಿಯ ನ್ವಾಜಿ-ಲೆ-ಗ್ರಾಂ ಎಂಬಲ್ಲಿನ ಶಿಬಿರಕ್ಕೆ ಹೋದರು. ಅಲ್ಲಿ 252 ಮನೆಯಿಲ್ಲದ ಕುಟುಂಬಗಳು, ಕಮಾನಿನಾಕಾರದ ಸಿಮೆಂಟು ಶೀಟಿನ ಗುಡಾರಗಳಲ್ಲಿ, ಕೆಸರಿನ ನಡುವೆ ಬದುಕುತ್ತಿದ್ದವು. ದಾನಿಗಳು ಸೂಪು ತಂದು ಹಂಚುತ್ತಿದ್ದರು. ವ್ರೆಸಿನ್‌ಸ್ಕಿ ಆ ಹಂಚಿಕೆಯನ್ನು ನಿಲ್ಲಿಸಿದರು. ಬದಲಿಗೆ ಗ್ರಂಥಾಲಯ, ಶಿಶುವಿಹಾರ, ಬಟ್ಟೆ ಒಗೆಯುವ ಜಾಗ ಮೊದಲಾದವನ್ನು ಆ ಕುಟುಂಬಗಳೊಡನೆಯೇ ಕಟ್ಟಿದರು; 1957ರಲ್ಲಿ ಅವರೊಂದಿಗೆ ಸೇರಿ ಸಂಘವನ್ನು ಸ್ಥಾಪಿಸಿದರು. ಪ್ರಾರ್ಥನಾಲಯವೂ ಎದ್ದಿತು. ಅದರ ಆಕಾರ ಕುಟುಂಬಗಳ ಗುಡಾರಗಳದ್ದೇ. ಅದರ ಬಣ್ಣದ ಗಾಜುಗಳನ್ನು ರಚಿಸಿದವರು ಆ ಕಾಲದ ಹೆಸರಾಂತ ಚಿತ್ರಕಾರ ಜಾನ್ ಬಾಜೇನ್. ಸೂರಿಲ್ಲದವರ ಮಾತೆಯೆಂದು ಮರಿಯಮ್ಮನವರನ್ನು ಅಲ್ಲಿ ಕರೆಯಲಾಯಿತು.

ಸೂಪನ್ನು ನಿಲ್ಲಿಸಿದ್ದನ್ನು ಎಲ್ಲೆಡೆಯೂ ಅನುಸರಿಸಬೇಕೆಂದು ನಾವು ಹೇಳುತ್ತಿಲ್ಲ. ರಾತ್ರಿ ಹಸಿದು ಮಲಗುವವನಿಗೆ ಮೊದಲು ಊಟವೇ ಬೇಕು. ಗಮನಿಸಬೇಕಾದದ್ದು ಗಾಜನ್ನು. ಕೆಸರಿನಲ್ಲಿರುವವರಿಗೆ ಬಣ್ಣದ ಗಾಜೇಕೆ ಎಂಬ ಪ್ರಶ್ನೆ ನಮ್ಮಲ್ಲಿ ಯಾರಿಗಾದರೂ ಏಳಬಹುದು. ಸುಂದರವಾದ ಪೂಜಾಸ್ಥಳ, ಪುಸ್ತಕ, ಗಂಭೀರವಾದ ಮಾತು ಇವು ತಮಗೂ ಸಲ್ಲಬೇಕಾದವು ಎಂದು ಆ ಕುಟುಂಬಗಳಿಗೆ ತಿಳಿಯಿತೆಂಬುದೇ ಅಲ್ಲಿ ಸಾರಲ್ಪಟ್ಟ ಶುಭಸಂದೇಶದ ಅರ್ಧಭಾಗ.

ಹಂಚಿಕೊಳ್ಳುವಿಕೆ ಎರಡು ದಿಕ್ಕಿನಲ್ಲಿ ಸಾಗುತ್ತದೆಂಬುದಕ್ಕೆ ರೋಮಿನಿಂದ ಒಂದು ಉದಾಹರಣೆ. ವಿಲ್ಲಿ ಹೆರ್ಟೆಲೀರ್ ಎಂಬ ಫ್ಲೆಮಿಷ್ ವೃದ್ಧರು ಸಂತ ಪೇತ್ರರ ಚೌಕದ ಸುತ್ತಮುತ್ತಲಿನ ಬೀದಿಗಳಲ್ಲಿ ಬಾಳಿದವರು. ವ್ಯಾಟಿಕನ್ನಿನ ಸಂತ ಅನ್ನಮ್ಮನವರ ದೇವಾಲಯದಲ್ಲಿ ಅವರು ಪ್ರತಿದಿನ ಬೆಳಗಿನ ಬಲಿಪೂಜೆಗೆ ಹಾಜರಿರುತ್ತಿದ್ದರು. 2014ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಅವರನ್ನು ಹೂಳಿದ್ದು ವ್ಯಾಟಿಕನ್ನಿನೊಳಗಿನ ಜರ್ಮನರ ಸ್ಮಶಾನದಲ್ಲಿ. ಆ ದೇವಾಲಯದಲ್ಲಿ ವಿಶ್ವಾಸಕ್ಕೆ ಸಾಕ್ಷಿಯಾದವರು ಯಾರು, ಅದನ್ನು ಪಡೆದವರು ಯಾರು ಎಂದು ಗೆರೆ ಎಳೆಯುವುದು ಕಷ್ಟ. ಬಡವರಿಂದ ನಾವು ಶುಭಸಂದೇಶ ಕೇಳಿಸಿಕೊಳ್ಳಬೇಕೆಂದು ಜಗದ್ಗುರು ಫ್ರಾನ್ಸಿಸರು ಹೇಳಿದ್ದನ್ನು ಅಲಂಕಾರದ ಮಾತೆಂದು ತಿಳಿಯಬಾರದು.

ಇನ್ನು ನಮ್ಮ ಧರ್ಮಕೇಂದ್ರಗಳ ಮಾತು. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು, ಇಲ್ಲದವರು ಹಸಿದೇ ಉಳಿದಾಗ, ಅದು ಪ್ರಭುವಿನ ಭೋಜನವೇ ಅಲ್ಲವೆಂದು ಸಂತ ಪೌಲರು ಖಂಡಿಸಿದರು. ಹರಕು ಬಟ್ಟೆಯವನನ್ನು ಕಾಲಬಳಿ ಕೂರಿಸುವ ಸಭೆಯನ್ನು ಸಂತ ಯಕೋಬರು ಬಿಡಲಿಲ್ಲ. ಇಂದು ಭಾನುವಾರದ ಪೂಜೆಗೆ ಬರುವ ಬೀದಿಯ ಮನುಷ್ಯನು ಬಾಗಿಲಾಚೆ ನಿಲ್ಲುತ್ತಾನೆ. ಅವನು ಅಲ್ಲಿಯೇ ನಿಲ್ಲತಕ್ಕವನೆಂದು ನಾವೂ ಅವನೂ ಒಪ್ಪಿಕೊಂಡಂತಿರುತ್ತದೆ. ಅವನು ಒಳಬಂದು ಬೆಂಚಿನಲ್ಲಿ ಕುಳಿತರೆ ಪಕ್ಕದವರು ಸರಿದು ಕೂರುತ್ತಾರೆ, ಆದರೆ ಸರಿಯುವುದು ಜಾಗ ಮಾಡಿಕೊಡಲು ಅಲ್ಲ. ಶುಭಸಂದೇಶದ ಕರಪತ್ರವನ್ನು ಅವನ ಕೈಗೆ ಕೊಡುವ ಮುನ್ನ ಈ ಬೆಂಚಿನ ಪ್ರಶ್ನೆ ಬಗೆಹರಿಯಬೇಕು.

ಗುರುಗಳಾಗುವವರು ತಿಳಿದಿರಬೇಕಾದ ಕಾನೂನಿನ ಅಂಶವೊಂದಿದೆ. ಪಾಲನಾ ದೈವಶಾಸ್ತ್ರದ ಪಾಠಗಳಲ್ಲಿ ಇದನ್ನು ಅವಸರದಿಂದ ದಾಟಿಬಿಡುತ್ತೇವೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 100ನೇ ವಿಧಿಯು ಎಲ್ಲಿಯೂ ನೆಲೆಯಿಲ್ಲದವನಿಗೆ ‘ವಾಗುಸ್’, ಅಂದರೆ ಅಲೆಮಾರಿ, ಎಂಬ ಹೆಸರು ಕೊಡುತ್ತದೆ. 107ನೇ ವಿಧಿಯ ಪ್ರಕಾರ ಅಂಥವನ ಸ್ವಂತ ಧರ್ಮಕೇಂದ್ರದ ಗುರು ಯಾರೆಂದರೆ, ಅವನು ಈಗ ಎಲ್ಲಿ ತಂಗಿದ್ದಾನೋ ಅಲ್ಲಿನ ಗುರು. ಇದು ದಯೆಯ ಮಾತಲ್ಲ, ಅಧಿಕಾರವ್ಯಾಪ್ತಿಯ ಮಾತು. ಝಾರ್ಖಂಡಿನಿಂದಲೋ ಒಡಿಶಾದಿಂದಲೋ ಬೆಂಗಳೂರಿಗೆ ಬಂದು, ಕಟ್ಟಡದ ಕೆಲಸ ಮುಗಿದ ಮೇಲೆ ಶೆಡ್ಡೂ ಇಲ್ಲದೆ ಮೇಲ್ಸೇತುವೆಯ ಕೆಳಗೆ ಮಲಗಿದ ಕಥೋಲಿಕ ಆದಿವಾಸಿ ಯುವಕನು ಆ ರಾತ್ರಿ ಆ ಪ್ರದೇಶದ ಗುರುವಿನ ಮಂದೆಗೆ ಸೇರಿದವನು. ಕುಟುಂಬ ಚೀಟಿಯಿಲ್ಲ, ವಂತಿಗೆ ಕಟ್ಟಿಲ್ಲ, ಹಿಂದಿನ ಧರ್ಮಕೇಂದ್ರದ ಪತ್ರವಿಲ್ಲ ಎಂಬ ಕಾರಣಗಳಿಂದ ಅವನು ಹೊರಗಿನವನಾಗುವುದಿಲ್ಲ. ಬಡವರನ್ನೂ ಏಕಾಂಗಿಗಳನ್ನೂ ನಾಡಿನಿಂದ ದೂರವಾದವರನ್ನೂ ವಿಶೇಷ ಶ್ರದ್ಧೆಯಿಂದ ಹುಡುಕಿಕೊಂಡು ಹೋಗಬೇಕೆಂದು 529ನೇ ವಿಧಿಯು ಗುರುವಿಗೆ ಹೇಳುತ್ತದೆ. ಅವನು ನಮ್ಮ ಕಚೇರಿಯ ಬಾಗಿಲು ತಟ್ಟುವ ತನಕ ಕಾಯುವ ಅವಕಾಶವನ್ನು ಆ ವಿಧಿ ನಮಗೆ ಉಳಿಸಿಲ್ಲ.

ಕ್ರೈಸ್ತನಲ್ಲದವನು ತಾನಾಗಿ ಯೇಸುವಿನ ಕುರಿತು ಕೇಳಿದಾಗ ಏನು ಮಾಡಬೇಕು? ಉತ್ತರಿಸಬೇಕು, ಯಾವ ಗ್ರಾಮಸ್ಥನಿಗೆ, ಯಾವ ಅಧ್ಯಾಪಕನಿಗೆ ಉತ್ತರಿಸುತ್ತೇವೋ ಅಷ್ಟೇ ಗೌರವದಿಂದ, ಅಷ್ಟೇ ವಿವರವಾಗಿ. ಆದರೆ ಊಟದ ಪಟ್ಟಿಯನ್ನು ಬರೆಯುವ ಕೈಯೇ ದೀಕ್ಷಾರ್ಥಿಗಳ ಪಟ್ಟಿಯನ್ನೂ ಬರೆಯಬಾರದೆಂಬುದು ನಮ್ಮ ಸಲಹೆ. ಬೋಧಿಸುವವರು ಬೇರೆಯವರಾಗಿರಲಿ, ಸ್ಥಳವೂ ಬೇರೆಯಿರಲಿ, ಬೋಧನೆಯನ್ನು ಬಿಟ್ಟವನಿಗೆ ಮರುದಿನದ ಊಟ ಎಂದಿನಂತೆಯೇ ಸಿಗಲಿ. ನಾಡಿನ ಕಾನೂನು ವಿಧಿಸುವ ಕ್ರಮಗಳನ್ನೂ ಚಾಚೂ ತಪ್ಪದೆ ಪಾಲಿಸಬೇಕು. ದೀಕ್ಷಾರ್ಥಿಯ ಅವಧಿ ದೀರ್ಘವಾದರೆ ಅವಸರಪಡಬೇಕಿಲ್ಲ. ಬೀದಿಯ ಬದುಕಿನಲ್ಲಿ ಜನ ನಡುವೆ ಕಾಣೆಯಾಗುತ್ತಾರೆ, ಕಾಯಿಲೆ ಬೀಳುತ್ತಾರೆ, ಆರು ತಿಂಗಳ ನಂತರ ಮತ್ತೆ ಬರುತ್ತಾರೆ. ಬಂದಾಗ ಹೆಸರು ಹಿಡಿದು ಕರೆಯುವವರು ಒಬ್ಬರಾದರೂ ಅಲ್ಲಿರಬೇಕು.

ಹೆಸರಿನ ಮಾತು ಬಂದುದರಿಂದ ಮೊದೆಸ್ತಾ ವಾಲೆಂತಿಯವರನ್ನು ನೆನೆಯಬೇಕು. ರೋಮಿನ ತೆರ್ಮಿನಿ ನಿಲ್ದಾಣದ ಬಳಿ ಬದುಕುತ್ತಿದ್ದ ಈ ವೃದ್ಧೆ 1983ರ ಜನವರಿ 31ರಂದು ಅಸ್ವಸ್ಥರಾದರು. ಮೈಯಲ್ಲಿ ಹೇನುಗಳಿದ್ದವೆಂದು ಆಂಬುಲೆನ್ಸಿನವರು ಅವರನ್ನು ಹತ್ತಿಸಿಕೊಳ್ಳಲಿಲ್ಲ; ಗಂಟೆಗಟ್ಟಲೆ ಕಾದು ಅವರು ಅಲ್ಲೇ ಪ್ರಾಣಬಿಟ್ಟರು. 1968ರಲ್ಲಿ ವಿದ್ಯಾರ್ಥಿಗಳಿಂದ ಆರಂಭವಾದ ಸಂತ ಎಜಿದಿಯೊ ಸಮುದಾಯವು ವರ್ಷಕ್ಕೊಮ್ಮೆ ಅವರ ನೆನಪಿನಲ್ಲಿ ಪ್ರಾರ್ಥನೆ ನಡೆಸಿ, ಬೀದಿಯಲ್ಲಿ ಸತ್ತ ಇತರರ ಹೆಸರುಗಳನ್ನೂ ಒಂದೊಂದಾಗಿ ಓದಿ ದೀಪ ಹಚ್ಚುತ್ತದೆ. ಆ ಪ್ರಾರ್ಥನೆಗೆ ಬೀದಿಯ ಗೆಳೆಯರೂ ಬರುತ್ತಾರೆ. ಪುನರುತ್ಥಾನದ ಬೋಧನೆಯನ್ನು ಅವರು ಅಲ್ಲಿ ಗೆಳೆಯರ ಹೆಸರಿನೊಂದಿಗೆ ಕೇಳುತ್ತಾರೆ.

ನಮ್ಮಲ್ಲಿ ಇದನ್ನು ಆರಂಭಿಸಲು ಹೊಸ ಸಂಸ್ಥೆಯೇನೂ ಬೇಕಿಲ್ಲ. ನವೆಂಬರ್ 2ರ ಮೃತರ ಸ್ಮರಣೆಯಂದು ಓದುವ ಪಟ್ಟಿಯಲ್ಲಿ ಕಾಣಿಕೆ ಕೊಟ್ಟವರ ಬಂಧುಗಳ ಹೆಸರಿನ ಜೊತೆಗೆ, ಆ ವರ್ಷ ಧರ್ಮಕೇಂದ್ರದ ಎಲ್ಲೆಯೊಳಗೆ ರಸ್ತೆಬದಿಯಲ್ಲಿ ತೀರಿಕೊಂಡವರ ಹೆಸರನ್ನೂ, ತಿಳಿದಷ್ಟು ಮಟ್ಟಿಗೆ, ಸೇರಿಸಬಹುದು. ದೀಕ್ಷಾರ್ಥಿಯಾಗಿದ್ದು ಸ್ನಾನದೀಕ್ಷೆಗೆ ಮುನ್ನವೇ ತೀರಿಕೊಂಡವರನ್ನು ಅಂತ್ಯಕ್ರಿಯೆಯ ವಿಷಯದಲ್ಲಿ ವಿಶ್ವಾಸಿಗಳೆಂದೇ ಎಣಿಸಬೇಕೆಂದು 1183ನೇ ವಿಧಿಯೂ, ಬಡವರಿಗೆ ತಕ್ಕ ಅಂತ್ಯಸಂಸ್ಕಾರ ತಪ್ಪದಂತೆ ನೋಡಿಕೊಳ್ಳಬೇಕೆಂದು 1181ನೇ ವಿಧಿಯೂ ಹೇಳುತ್ತವೆ. ಸಮಾಧಿಯ ಜಾಗಕ್ಕೆ ಶುಲ್ಕ ನಿಗದಿಪಡಿಸುವ ಪಾಲನಾ ಸಮಿತಿಗಳ ಮುಂದೆ ಈ ಎರಡು ವಿಧಿಗಳನ್ನು ಓದಿ ಹೇಳುವ ಕೆಲಸ ಧರ್ಮಕೇಂದ್ರದ ಗುರುವಿನದು.