ನೆಲಮಾಳಿಗೆಯಲ್ಲೊಂದು ಮಳೆಗಾಲ

ಗಾಂಜಾ ಗಿಡಕ್ಕೆ ರೋಗ ಬಾರದಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ತೀರ್ಥಹಳ್ಳಿ ಕಡೆಯ ನೆಂಟರ ಮನೆಯಲ್ಲಿ ಇದನ್ನು ಹೇಳಿದರೆ ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರಾದರೊಬ್ಬರು "ಔಷಧಿಗೆ ಅಲ್ವನೇ?" ಎಂದು ನನ್ನ ಮರ್ಯಾದೆ ಉಳಿಸಲು ನೋಡುತ್ತಾರೆ. ಔಷಧಿಗೂ ಹೌದು, ಬರೀ ಮೋಜಿಗೂ ಹೌದು. ನಾನಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ದಕ್ಷಿಣ ತುದಿಯಲ್ಲಿ. ಇಲ್ಲಿನ ಲೆಮಿಂಗ್ಟನ್ ಸುತ್ತ ಕಣ್ಣು ಹಾಯಿಸಿದಷ್ಟೂ ಗಾಜಿನ ಮನೆಗಳು. ಟೊಮೆಟೊ, ಸೌತೆ, ದೊಣ್ಣೆಮೆಣಸು ಬೆಳೆಯುತ್ತಿದ್ದ ಕೆಲವರು ಕಾನೂನು ಸಡಿಲಾದಾಗ ಗಾಂಜಾಕ್ಕೆ ತಿರುಗಿಕೊಂಡರು. ಸಸ್ಯರೋಗಶಾಸ್ತ್ರ ಓದಿದ್ದ ನನಗೆ ಕೆಲಸ ಸಿಕ್ಕಿದ್ದು ಹಾಗೆ.

ಕೆನಡಾದಲ್ಲಿ ಗಾಂಜಾ ಕಾನೂನುಬದ್ಧವಾದದ್ದು 2018ರ ಅಕ್ಟೋಬರ್ 17ರಂದು. ದೇಶಕ್ಕೆ ದೇಶವೇ ಹೀಗೆ ಒಪ್ಪಿಕೊಂಡದ್ದರಲ್ಲಿ ಉರುಗ್ವೆ ಮೊದಲನೆಯದು, ಕೆನಡಾ ಎರಡನೆಯದು. ಅಂಗಡಿಯಲ್ಲಿ ಕೊಳ್ಳಬಹುದು, ಮನೆಯಲ್ಲಿ ನಾಲ್ಕು ಗಿಡ ಬೆಳೆಸಲೂಬಹುದು. ತಲೆಗೆ ನಾಲ್ಕಲ್ಲ, ಮನೆಗೆ ನಾಲ್ಕು. ಆದರೆ ಕ್ವಿಬೆಕ್ ಪ್ರಾಂತ್ಯ ಮನೆಯಲ್ಲಿ ಬೆಳೆಸುವುದು ಬೇಡವೇ ಬೇಡ ಎಂದು ಪಟ್ಟು ಹಿಡಿಯಿತು, 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮ ಒಂಟಾರಿಯೊದಲ್ಲಿ ಅಂಥ ಅಡ್ಡಿಯಿಲ್ಲ. ಹಾಗಾಗಿ ಗಾಜಿನ ಮನೆಯ ಕೆಲಸ ಮುಗಿಸಿ ಬಂದ ಮೇಲೆ ನೆರೆಹೊರೆಯವರ ನೆಲಮಾಳಿಗೆಯ ಗಿಡಗಳನ್ನು ನೋಡುವುದೂ ನನ್ನ ಪಾಲಿಗೆ ಬಂದಿದೆ. ಸಂಬಳವಿಲ್ಲ, ಕಾಫಿ ಕೊಡುತ್ತಾರೆ.

ಬಯಲಲ್ಲೇ ಬೆಳೆಸಬಹುದಲ್ಲ ಎಂದು ಕೇಳಬಹುದು. ಗಾಂಜಾ ರಾತ್ರಿ ಉದ್ದವಾಗುತ್ತಾ ಹೋದಂತೆ ಹೂ ಕಟ್ಟುವ ಗಿಡ. ಇಲ್ಲಿ ಆ ಹೂ ಬಲಿಯುವ ಹೊತ್ತಿಗೆ ಸೆಪ್ಟೆಂಬರ್ ಕಳೆದು ಅಕ್ಟೋಬರ್ ಬಂದಿರುತ್ತದೆ. ಬೆಳಗಿನ ಇಬ್ಬನಿ, ಜಡಿಮಳೆ, ಅದರ ಬೆನ್ನಿಗೆ ಹಿಮ. ಅದಕ್ಕೇ ಜನ ನೆಲಮಾಳಿಗೆಯಲ್ಲಿ ನಾಲ್ಕಡಿ ಅಗಲದ ಬಟ್ಟೆಯ ಡೇರೆ ಹಾಕಿ, ಎಲ್‌ಇಡಿ ದೀಪ ತೂಗುಬಿಟ್ಟು, ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಗಾಢ ಕತ್ತಲೆ ಕೊಟ್ಟು ಹೂ ತರಿಸುತ್ತಾರೆ. ಪರಾಗವನ್ನು ಗಾಳಿಗೆ ತೂರಿ ಬದುಕುವ ಗಿಡವನ್ನು ಗಾಳಿಯೇ ಇಲ್ಲದ ಗೂಡಿನೊಳಗೆ ಕೂರಿಸುವುದು ಎಂದರೆ ಇದೇ.

ಪಕ್ಕದ ಬೀದಿಯಲ್ಲಿ ಒಬ್ಬರು ನಿವೃತ್ತ ಬಸ್ ಚಾಲಕರಿದ್ದಾರೆ. ಬೆನ್ನುನೋವಿಗೆಂದು ಬೆಳೆಸುತ್ತಾರೆ. ಒಮ್ಮೆ ಕರೆದು ತೋರಿಸಿದರು: ಕೆಳಗಿನ ಎಲೆಗಳ ಮೇಲೆ ಮೈದಾಹಿಟ್ಟು ಉದುರಿದ ಹಾಗೆ ಬಿಳಿ ಮಚ್ಚೆಗಳು. ಬೂದಿರೋಗ. ದ್ರಾಕ್ಷಿ, ಗುಲಾಬಿ, ಸೌತೆ ಬೆಳೆದವರಿಗೆಲ್ಲ ಗೊತ್ತಿರುವ ಕಾಯಿಲೆ. ಗಾಂಜಾದ ಮೇಲೆ ಬರುವುದು ಗೊಲೊವಿನೊಮೈಸಿಸ್ ಎಂಬ ಶಿಲೀಂಧ್ರ. ಅವರಿಗೆ ಅರ್ಥವಾಗದೇ ಇದ್ದದ್ದು ಒಂದೇ. "ನನ್ನ ಮೀಟರ್ ಯಾವಾಗ ನೋಡಿದರೂ ಅರವತ್ತೈದು ಪರ್ಸೆಂಟ್ ತೋರಿಸುತ್ತೆ. ಅರವತ್ತೈದು ತಪ್ಪಾ?"

ತಪ್ಪಲ್ಲ. ಆದರೆ ಅವರು ನೋಡುತ್ತಿದ್ದದ್ದು ದೀಪ ಉರಿಯುವಾಗ. ಗಿಡ ಕುಡಿದ ನೀರಿನಲ್ಲಿ ಎರಡು ಮೂರು ಪಾಲು ಮಾತ್ರ ಒಳಗೆ ಉಳಿಯುತ್ತದೆ. ನೂರರಲ್ಲಿ ತೊಂಬತ್ತೇಳು ತೊಂಬತ್ತೆಂಟು ಪಾಲು ಎಲೆಯಿಂದ ಆವಿಯಾಗಿ ಹೊರಬರುತ್ತದೆ. ಕುಂಡಕ್ಕೆ ಹತ್ತು ಲೀಟರ್ ನೀರು ಹಾಕಿದವರು ಒಂಬತ್ತೂವರೆ ಲೀಟರಿಗಿಂತ ಹೆಚ್ಚನ್ನು ಕೋಣೆಯ ಗಾಳಿಗೇ ಹಾಕಿದಂತಾಯಿತು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. ಅರವತ್ತೈದು ಪರ್ಸೆಂಟ್ ಎಂದರೆ ಅದರಲ್ಲಿ 15 ಗ್ರಾಂ ಇದೆ ಎಂದರ್ಥ. ಈಗ ದೀಪ ಆರಿತು, ಡೇರೆ 18 ಡಿಗ್ರಿಗೆ ಇಳಿಯಿತು ಅನ್ನಿ. 18 ಡಿಗ್ರಿಯ ಗಾಳಿಗೆ ಹಿಡಿಯಲು ಆಗುವುದೇ 15.4 ಗ್ರಾಂ. ಒಂದು ಹನಿ ನೀರು ಹೊಸದಾಗಿ ಸೇರದೆಯೂ ಮೀಟರ್ ತೊಂಬತ್ತೇಳಕ್ಕೆ ಏರುತ್ತದೆ! ಮನೆಯವರು ಮೇಲಿನ ಕೋಣೆಯಲ್ಲಿ ಹೊದ್ದು ಮಲಗಿರುವಾಗ ಕೆಳಗೆ ದಿನವೂ ಹನ್ನೆರಡು ಗಂಟೆ ಆಗುಂಬೆಯ ಜುಲೈ ನಡೆದಿರುತ್ತದೆ.

ಆ ಎಲೆಯನ್ನು ಹ್ಯಾಂಡ್ ಲೆನ್ಸ್‌ನಲ್ಲಿ ನೋಡಿದೆ. ಬಿಳಿ ನೂಲು ಎಲೆಯ ಮೇಲ್ಮೈಗೆ ಅಂಟಿಕೊಂಡು ಹರಡಿರುತ್ತದೆ, ಅದರಿಂದ ಬೀಜಕಣಗಳ ಸಣ್ಣ ಸರಗಳು ಮೇಲೆದ್ದು ನಿಂತಿರುತ್ತವೆ. ಎಲೆಯನ್ನು ತಟ್ಟಿದರೆ ಸಾಕು, ಪಕ್ಕದ ಗಿಡಕ್ಕೆ ಹಾರಿಹೋಗುತ್ತವೆ. ಹೂವಿನ ಬಳಿಯ ಎಲೆಗಳಲ್ಲಿ ರೋಗ ಗುರುತಿಸುವುದು ಇನ್ನೂ ಕಷ್ಟ, ಏಕೆಂದರೆ ಅಲ್ಲಿ ಗಿಡದ ಸ್ವಂತ ಅಂಟು ಕೂಡ ಬೆಳ್ಳಗೆ ಮಿನುಗುತ್ತದೆ. ಬೆರಳಿನಿಂದ ಉಜ್ಜಿ ನೋಡಬೇಕು. ಅಂಟಾದರೆ ಬೆರಳಿಗೆ ಹತ್ತಿ ಕಟುವಾಗಿ ನಾರುತ್ತದೆ. ಬೂದಿಯಾದರೆ ಒರೆಸಿ ಹೋಗುತ್ತದೆ, ಮೂರು ನಾಲ್ಕು ದಿನದಲ್ಲಿ ಅದೇ ಜಾಗದಲ್ಲಿ ಮತ್ತೆ ಮೂಡುತ್ತದೆ.

ಇದನ್ನೆಲ್ಲ ಅಪ್ಪಯ್ಯನಿಗೆ ಫೋನಿನಲ್ಲಿ ಹೇಳಿದರೆ ಅವರದು ಒಂದೇ ಮಾತು: "ಬೋರ್ಡೋ ಹೊಡೆದ್ರೆ ಆಗಲ್ವನೇ?"

ನಮ್ಮದು ಅಡಿಕೆ ತೋಟದ ಮನೆ. ಕೊಳೆರೋಗ ಬಾರದಂತೆ ಮಳೆಗಾಲ ಹಿಡಿಯುವ ಮೊದಲೇ ಮೈಲುತುತ್ತ, ಸುಣ್ಣ ಕದಡಿದ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಹೊಡೆಸುವುದು, ಬಿಡುವು ಸಿಕ್ಕಾಗ ಮತ್ತೊಂದು ಸಲ ಹೊಡೆಸುವುದು, ಕೆಲವರು ಕೊಟ್ಟೆ ಕಟ್ಟಿಸುವುದು, ಇದೆಲ್ಲ ಅಲ್ಲಿ ವರ್ಷದ ಪಂಚಾಂಗದಷ್ಟೇ ಖಾಯಂ. ಆದರೆ ಕೊಳೆಯೇ ಬೇರೆ, ಬೂದಿಯೇ ಬೇರೆ. ಕೊಳೆರೋಗದ ಫೈಟಾಫ್ತೊರಾಕ್ಕೆ ಕಾಯಿಯ ಮೇಲೆ ನೀರಿನ ಪಸೆ ಇರಲೇಬೇಕು. ಅದರ ಬೀಜಕಣಗಳು ಆ ಪಸೆಯಲ್ಲಿ ಈಜಿಕೊಂಡು ಹೋಗುತ್ತವೆ. ಬೂದಿರೋಗಕ್ಕೆ ಹನಿ ನೀರು ಬೇಡವೇ ಬೇಡ, ನೀರು ನಿಂತರೆ ಅದಕ್ಕೇ ಕಷ್ಟ. ಗಾಳಿ ತೇವವಾಗಿದ್ದು, ಅಲುಗಾಡದೆ ನಿಂತು, ಸ್ವಲ್ಪ ನೆರಳಿದ್ದರೆ ಸಾಕು. ಎಲೆ ಒದ್ದೆಯಾಗದಂತೆ ಬುಡಕ್ಕೇ ನೀರು ಹಾಕುತ್ತೇನೆ ಎನ್ನುವವರ ಮನೆಯಲ್ಲೂ ಅದು ಬರುವುದು ಈ ಕಾರಣಕ್ಕೆ.

ಬೋರ್ಡೋ ಹೊಡೆಯಲಾಗದ್ದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಅಡಿಕೆಯಲ್ಲಿ ಔಷಧಿ ಕೂರುವುದು ಸಿಪ್ಪೆಯ ಮೇಲೆ, ಸಿಪ್ಪೆ ಸುಲಿದು ಬಿಸಾಡುತ್ತೇವೆ. ಇಲ್ಲಿ ಹೂವೇ ಫಸಲು. ತೊಳೆಯುವುದಿಲ್ಲ, ಸುಲಿಯುವುದಿಲ್ಲ, ಒಣಗಿಸಿ ಬೆಂಕಿ ಹಚ್ಚಿ ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತಾರೆ. ಕೆನಡಾ ಇದರ ಪಾಠವನ್ನು 2016ರ ಕೊನೆ, 2017ರ ಮೊದಲ ತಿಂಗಳುಗಳಲ್ಲಿ ಕಲಿಯಿತು. ಆಗ ರೋಗಿಗಳಿಗೆಂದು ಪರವಾನಗಿ ಪಡೆದು ಬೆಳೆದ ಗಾಂಜಾದಲ್ಲಿ ಮೈಕ್ಲೊಬ್ಯೂಟನಿಲ್ ಸಿಕ್ಕಿ, ಮಾಲನ್ನು ವಾಪಸು ಕರೆಸಬೇಕಾಯಿತು. ದ್ರಾಕ್ಷಿಯ ಬೂದಿರೋಗಕ್ಕೆ ಬಳಸುವ ಶಿಲೀಂಧ್ರನಾಶಕ ಅದು. ಸುಟ್ಟಾಗ ಒಡೆದು ಹೈಡ್ರೋಜನ್ ಸಯನೈಡ್ ಹುಟ್ಟಿಸಬಲ್ಲದು. ದ್ರಾಕ್ಷಿಯನ್ನು ಯಾರೂ ಸೇದುವುದಿಲ್ಲವಾದ್ದರಿಂದ ಅಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ. ಇಲ್ಲಿ 2019ರ ಜನವರಿಯಿಂದ ಪರವಾನಗಿ ಪಡೆದವರ ಮಾಲನ್ನು 96 ಕೀಟನಾಶಕ ಅಂಶಗಳಿಗೆ ಪರೀಕ್ಷೆ ಮಾಡಿಸುವುದು ಕಡ್ಡಾಯವಾಯಿತು. ಪೊಟ್ಯಾಸಿಯಂ ಬೈಕಾರ್ಬೊನೇಟ್, ಬ್ಯಾಸಿಲಸ್ ಬ್ಯಾಕ್ಟೀರಿಯಾದಿಂದ ಮಾಡಿದ ಕೆಲವು ಸಿಂಪಡಣೆ, ಹೀಗೆ ಕೈಬೆರಳೆಣಿಕೆಯ ಸಾಧುಗಳಿಗಷ್ಟೇ ಅನುಮತಿ. ಮನೆಯ ನಾಲ್ಕು ಗಿಡವನ್ನು ಮಾತ್ರ ಯಾರೂ ಪರೀಕ್ಷಿಸುವುದಿಲ್ಲ. ನನಗೆ ಭಯ ಅಲ್ಲೇ. ಗುಲಾಬಿಗೆ ತಂದ ಬಾಟಲಿ ಗ್ಯಾರೇಜಿನಲ್ಲಿ ಕೈಗೆಟುಕುವಂತೆ ಕೂತಿರುತ್ತದೆ.

ಅಪ್ಪಯ್ಯ ಹೇಳುವ ಬೋರ್ಡೋವನ್ನು ಮೈಸೂರು ಸಂಸ್ಥಾನದ ಅಡಿಕೆ ಬೆಳೆಗಾರರಿಗೆ ಕಲಿಸಿದವರು ಕೆನಡಾದವರು ಎಂಬುದು ಅವರಿಗೆ ಬಹಳ ಖುಷಿ ಕೊಟ್ಟ ಸಂಗತಿ. ಲೆಸ್ಲಿ ಕೋಲ್ಮನ್ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ, 1908ರಲ್ಲಿ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಮೈಸೂರಿಗೆ ಬಂದರು. ಮಲೆನಾಡಿನ ಕೊಳೆರೋಗದ ಜಾಡು ಹಿಡಿದು 1910ರಲ್ಲಿ ವರದಿ ಪ್ರಕಟಿಸಿದರು, ಆಮೇಲೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರೂ ಆದರು. "ಅವ್ರು ಇಲ್ಲಿಗೆ ಬಂದು ಕೊಳೆ ನೋಡಿದ್ರು, ನೀನು ಅಲ್ಲಿಗೆ ಹೋಗಿ ಬೂದಿ ನೋಡ್ತಿದೀಯ. ಲೆಕ್ಕ ಚುಕ್ತಾ" ಎಂದರು ಅಪ್ಪಯ್ಯ. ಅಂದಿನಿಂದ ನೆಂಟರ ಮುಂದೆ ನನ್ನ ಉದ್ಯೋಗದ ವಕಾಲತ್ತು ಅವರದೇ.

ಬೂದಿಗಿಂತ ನಾನು ಹೆದರುವುದು ಮೊಗ್ಗಿನ ಕೊಳೆತಕ್ಕೆ. ಸ್ಟ್ರಾಬೆರಿ ಡಬ್ಬದ ತಳದಲ್ಲಿ ಬೂದು ಬೂಸ್ಟು ಹಿಡಿಸುವ ಬೊಟ್ರೈಟಿಸ್ ಸಿನೇರಿಯಾ ಇದಕ್ಕೂ ಕಾರಣ. ಕೊಯ್ಲಿಗೆ ವಾರ ಹತ್ತು ದಿನ ಇರುವಾಗ, ಹೂವಿನ ಗೊಂಚಲು ಗಟ್ಟಿಯಾಗಿ ನಡುವೆ ಗಾಳಿಯಾಡದಂತಾದಾಗ, ಅದು ಒಳಗಿನಿಂದ ಶುರುವಾಗುತ್ತದೆ. ಹೊರಗೆ ಸುಳಿವು ಒಂದೇ: ಹಸಿರು ಗೊಂಚಲಿನಲ್ಲಿ ಒಂದೇ ಒಂದು ಸಣ್ಣ ಎಲೆ ಕಾರಣವಿಲ್ಲದೆ ಕಂದಿರುತ್ತದೆ. ಎಳೆದರೆ ತಡೆಯಿಲ್ಲದೆ ಬುಡಸಮೇತ ಕೈಗೆ ಬರುತ್ತದೆ. ಗೊಂಚಲು ಬಿಡಿಸಿದರೆ ಒಳಗೆಲ್ಲ ಕಂದು ಪುಡಿ, ಬೂದು ಕೂದಲು. ಈ ಬೆಳೆಯ ಶಿಲೀಂಧ್ರಗಳ ಬಗ್ಗೆ ಸೈಮನ್ ಫ್ರೇಜರ್ ವಿಶ್ವವಿದ್ಯಾಲಯದ ಜಮೀರ್ ಪುಂಜಾ ಮಾಡಿರುವ ಸಂಶೋಧನೆಗಳು ನನ್ನಂಥವರಿಗೆ ದಿನನಿತ್ಯದ ಆಧಾರ. ಆದರೂ ಮಾರುಕಟ್ಟೆ ಕೇಳುವುದು ದಪ್ಪ, ಗಟ್ಟಿ, ಫೋಟೋಗೆ ಚೆಂದ ಕಾಣುವ ಗೊಂಚಲನ್ನೇ. ಕೊಳೆತಕ್ಕೆ ಮನೆ ಕಟ್ಟಿಕೊಡುವ ತಳಿಗಳನ್ನು ನಾವೇ ಆರಿಸಿ ಬೆಳೆಸುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಮಾಡುವುದೇನು? ಬಸ್ ಚಾಲಕರಿಗೆ ಹೇಳಿದ್ದನ್ನೇ ಹೇಳುತ್ತೇನೆ. ದೀಪ ಆರಿದಾಗ ಫ್ಯಾನ್ ಕೂಡ ಆರಿಸುವ ಅಭ್ಯಾಸ ಬಿಡಿ, ಅದು ಬೇಕಾಗುವುದು ಕತ್ತಲಲ್ಲೇ. ನೀರನ್ನು ದೀಪ ಹತ್ತಿದ ಹೊತ್ತಿಗೆ ಹಾಕಿ, ಮಲಗುವ ಮುಂಚೆ ಬೇಡ. ರಾತ್ರಿ ಕೋಣೆ ತೀರ ತಣ್ಣಗಾಗದಂತೆ ಸ್ವಲ್ಪ ಬಿಸಿ ಇಡಿ. ಕೆಳಗಿನ, ಬೆಳಕು ಕಾಣದ ಎಲೆಗಳನ್ನು ತೆಗೆದು ನಡುವೆ ಗಾಳಿಗೆ ದಾರಿ ಮಾಡಿ. ಹೂವಿನ ಕಾಲದಲ್ಲಿ ತೇವಾಂಶ ಐವತ್ತರ ಆಸುಪಾಸಿನಲ್ಲಿರಲಿ, ರಾತ್ರಿಯ ಗರಿಷ್ಠವನ್ನು ನೆನಪಿಟ್ಟುಕೊಳ್ಳುವ ಮೀಟರನ್ನೇ ಕೊಳ್ಳಿ. ಗೆಳೆಯರು ಪ್ರೀತಿಯಿಂದ ಕೊಟ್ಟ ಕಟ್ಟಿಂಗ್ ಎರಡು ವಾರ ಬೇರೆ ಕೋಣೆಯಲ್ಲಿರಲಿ, ಬೂದಿ ಮನೆ ಹೊಗುವುದು ಬಹುಪಾಲು ಅದರ ಜೊತೆಗೇ. ಜನವರಿಯಲ್ಲಿ ಹೊರಗಿನ ಗಾಳಿ ಮರಗಟ್ಟುವಷ್ಟು ತಣ್ಣಗೆ, ಒಳಗೆ ಬಂದು ಬಿಸಿಯಾದರೆ ಒಣ ಗಾಳಿ. ಎಕ್ಸಾಸ್ಟ್ ಫ್ಯಾನ್ ಒಂದೇ ಸಾಕು. ಜುಲೈಯಲ್ಲಿ ಹೊರಗೇ ಬೇಗೆ ಮತ್ತು ತೇವ. ಆಗ ಫ್ಯಾನ್ ಒಳಗಿನ ತೇವ ತಳ್ಳಿ ಹೊರಗಿನ ತೇವ ಎಳೆದುಕೊಳ್ಳುತ್ತದೆ ಅಷ್ಟೆ; ಡಿಹ್ಯುಮಿಡಿಫೈಯರ್ ಇಲ್ಲದೆ ನಡೆಯದು. ಆ ಯಂತ್ರದ ಬಕೆಟ್ಟನ್ನು ಬೆಳಗ್ಗೆ ಎತ್ತಿ ಸುರಿಯುವಾಗ, ನೀವು ಕುಂಡಕ್ಕೆ ಹಾಕಿದ ನೀರು ಎಲ್ಲಿಗೆ ಹೋಯಿತೆಂದು ಗೊತ್ತಾಗುತ್ತದೆ.

ಇಷ್ಟರ ಮೇಲೂ ಬೂಸ್ಟು ಬಂದರೆ ಆ ಗೊಂಚಲನ್ನು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಹಾಳಾದ ತುದಿ ಕತ್ತರಿಸಿ ಉಳಿದದ್ದನ್ನು ಒಣಗಿಸುತ್ತೇನೆ ಎನ್ನುವವರು ಸಿಗುತ್ತಾರೆ. ಅವರು ಬೆಳೆಸುತ್ತಿರುವುದು ಕೀಮೋಥೆರಪಿಯಲ್ಲಿರುವ ಹೆಂಡತಿಗೋ ಅಣ್ಣನಿಗೋ ಆಗಿದ್ದರೆ ಇದು ಇನ್ನೂ ಅಪಾಯ. ರೋಗನಿರೋಧಕ ಶಕ್ತಿ ಕುಂದಿದವರ ಶ್ವಾಸಕೋಶದಲ್ಲಿ ಆಸ್ಪರ್ಜಿಲಸ್‌ನಂಥ ಶಿಲೀಂಧ್ರ ಬೇರೂರಿದರೆ ಪ್ರಾಣಕ್ಕೇ ಸಂಚಕಾರ.

ಊರಿನ ಓದುಗರಿಗೆ ಒಂದು ಮಾತು. ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಗಾಂಜಾ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಕಠಿಣ ಜೈಲುಶಿಕ್ಷೆ, ಒಂದು ಲಕ್ಷದವರೆಗೆ ದಂಡ. ಕೆನಡಾದಲ್ಲಿರುವ ಮಕ್ಕಳು ರಜೆಗೆ ಬರುವಾಗ "ಅಲ್ಲಿ ಲೀಗಲ್" ಎಂದು ಒಂದು ಚಿಟಿಕೆ ಸೂಟ್‌ಕೇಸಿನಲ್ಲಿ ತರುವುದು ಬೇಡ. ಗಡಿ ದಾಟಿಸುವುದು ಆ ದೇಶದ ಕಾನೂನಿನಲ್ಲೂ ಅಪರಾಧ, ಈ ದೇಶದಲ್ಲೂ ಅಪರಾಧ.